ಷಡ್ಡಕ ಕಟ್ಟಿದ ಮಣ್ಣಿನವರ ಬಳಗ

ರಸ್ತೆಯ ನೆಲ ಹೆರೆದು ಮಟ್ಟ ಮಾಡುವ ಗ್ರೇಡರ್ ಓಡಿಸುವ ನಮ್ಮ ಬೀದಿಯ ಡ್ರೈವರನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಷಡ್ಡಕನಿಂದ. ಹೆಂಡತಿಯ ತಂಗಿಯ ಗಂಡನಾದ ಅವನು, ನೆಲ ಅಗೆಯುವವರನ್ನೂ ಮಟ್ಟ ಮಾಡುವವರನ್ನೂ ಸೇರಿಸಿ ಆನ್‌ಲೈನಿನಲ್ಲಿ 'ಮಣ್ಣಿನವರು' ಎಂಬ ಬಳಗ ಶುರುಮಾಡಿದ್ದ. ಆ ಷಡ್ಡಕನ ಕೈಗೆ ಮೊದಲು ಯಂತ್ರದ ಲಿವರ್ ಹಿಡಿಸಿದವನು ಇವನೇ.

"ಭಾವ, ನೀವೂ ಸೇರ್ಕೊಳ್ಳಿ. ನಿಮ್ಮಂಥೋರು ಇದ್ರೇನೇ ಕಳೆ."

"ನಂಗೆಲ್ಲಪ್ಪಾ ಪುರುಸೊತ್ತು? ಬ್ಲೇಡ್ ನೋಡ್ಲೋ, ಫೋನ್ ನೋಡ್ಲೋ?"

ಫೋನಿಟ್ಟವನು ಅಂದೇ 'ಧೂಳು' ಎಂಬ ಸುಳ್ಳು ಹೆಸರಿನಲ್ಲಿ, ಮುಖದ ಜಾಗಕ್ಕೆ ರೋಲರಿನ ಚಿತ್ರ ಅಂಟಿಸಿ ಒಳಗೆ ನುಸುಳಿದ. ಬರೆಯಲಿಲ್ಲ, ಊಟದ ತಟ್ಟೆಯ ಮುಂದೆಯೂ ಓದಿದ್ದೇ ಓದಿದ್ದು. ನೆಲವನ್ನು ಬೇಕಾದ್ದಕ್ಕಿಂತ ಆಳವಾಗಿ ಕತ್ತರಿಸಿಬಿಟ್ಟರೆ ಸಡಿಲ ಮಣ್ಣು ಎಳೆದು ಮುಚ್ಚಬೇಡಿ, ನೀರು ಹಾಕಿ ಪದರ ಪದರವಾಗಿ ಗಟ್ಟಿಮಾಡಿ ಎಂದು ಷಡ್ಡಕ ಬರೆದ. ಊರೂರಿನಿಂದ ಶಹಬ್ಬಾಸ್‌ಗಿರಿ ಸುರಿಯಿತು.

"ನನ್ನ ಮಾತು ಕಣೇ ಅದು! ನನ್ನ ಬಾಯಿಂದ ಉದುರಿದ್ದು!"

"ಉದುರಿಸ್ಕೊಂಡ್ ಓಡಾಡಿದ್ರೆ ಯಾರಾದ್ರೂ ಹೆಕ್ಕೊಳ್ತಾರೆ ರೀ," ಎಂದಳು ಹೆಂಡತಿ.

ಒಂದು ಬೆಳಿಗ್ಗೆ ದೂರದ ಊರಿನ ಮೇಸ್ತ್ರಿಯೊಬ್ಬ ಬಳಗಕ್ಕೆ ಫೋಟೊ ಹಾಕಿದ. ಪೈಪು ಇಳಿಸಲು ತೋಡಿದ, ಆಳುದ್ದಕ್ಕೂ ಮೀರಿದ ಕಾಲುವೆ. ಅಂಚಿನಿಂದ ತುಸು ದೂರದಲ್ಲಿ ನೆಲ ಬಿರುಕು ಬಿಟ್ಟಿದೆ, ಕೆಲಸ ಮುಂದುವರಿಸಬಹುದೇ ಎಂದು ಕೇಳಿದ್ದ. ಷಡ್ಡಕ ಅವಸರದಲ್ಲಿ ಉತ್ತರಿಸಿದ: "ಬಿಸಿಲಿನ ಬಿರುಕು, ಪರವಾಗಿಲ್ಲ."

ಡ್ರೈವರ್ ನೋಡಿದ. ಬಿಸಿಲಿನ ಬಿರುಕು ಜೇಡರ ಬಲೆಯಂತೆ ಎತ್ತೆತ್ತಲೋ ಹರಡುತ್ತದೆ. ಇದು ಕಾಲುವೆಯ ಜೊತೆಜೊತೆಗೇ ನೇರ ಓಡಿತ್ತು. ಅಗೆದ ಮಣ್ಣನ್ನೆಲ್ಲ ಅಂಚಿನ ಮೇಲೆಯೇ ಗುಡ್ಡೆ ಹಾಕಿದ್ದರು. ಆ ಭಾರಕ್ಕೆ ಕಾಲುವೆಯ ಗೋಡೆ ಕಳಚಿಕೊಳ್ಳಲು ಹೊರಟಿತ್ತು. ಸಿಕ್ಕಿಬಿದ್ದ ಮಗ! ಇವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಕುಸಿದರೆ ಬಳಗದ ಮುಂದೆ ಷಡ್ಡಕನ ಮಾನ ಮೂರು ಕಾಸು. ಕಾಫಿ ಹೀರುತ್ತ ಕಾದ.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಲಾರೆ. ನಾಲ್ಕು ಜನ ಮಣ್ಣಿನಡಿ ಹೋದರೂ ಸರಿ, ಅವನಿಗೆ ಅವಮಾನವಾಗಲಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸುಮ್ಮನೆ ಕಾಫಿ ಕುಡಿಯುತ್ತಾರೆ. ಕೊಲೆಗೆ ಅಷ್ಟು ಸಾಕು.

"ಏನ್ ರೀ, ಒಬ್ರೇ ನಗ್ತಿದ್ದೀರಿ?" ಹೆಂಡತಿ ಬಗ್ಗಿ ನೋಡಿದಳು. "ಕೆಳಗೆ ಹಳದಿಯಾಗಿ ಕಾಣ್ತಿರೋದೇನು?"

ಚಿತ್ರವನ್ನು ದೊಡ್ಡದು ಮಾಡಿದ. ಹಳದಿ ಟೊಪ್ಪಿಗೆಗಳು. ಕಾಲುವೆಯೊಳಗೆ ಜನ ಬಗ್ಗಿ ಪೈಪು ಕೂರಿಸುತ್ತಿದ್ದರು.

ಕಾಫಿ ಲೋಟ ಪಕ್ಕಕ್ಕಿಟ್ಟು ಬರೆದ: "ಮೊದಲು ಜನರನ್ನು ಮೇಲೆ ಹತ್ತಿಸಿ. ಗೋಡೆ ಕುಸಿಯುತ್ತದೆ."

ಮೇಸ್ತ್ರಿಯ ಉತ್ತರ ಬಂತು: "ಯಾರ್ರೀ ನೀವು ಧೂಳು? ಅಡ್ಮಿನ್ನೇ ಪರವಾಗಿಲ್ಲ ಅಂದಿದ್ದಾರೆ."

ಎಷ್ಟೋ ವರ್ಷದ ಅನುಭವ ಅಲ್ಲಿ ರೋಲರಿನ ಚಿತ್ರದ ಹಿಂದೆ ಕೂತಿತ್ತು, ಕವಡೆ ಕಿಮ್ಮತ್ತಿಲ್ಲ. ಉಳಿದದ್ದು ಒಂದೇ ದಾರಿ. ಷಡ್ಡಕನಿಗೆ ಫೋನ್ ಮಾಡಿದ.

"ಲೋ, ಅದು ಬಿಸಿಲಿನ ಬಿರುಕಲ್ಲ ಕಣೋ! ಅಂಚಿನ ಜೊತೆಗೇ ಓಡ್ತಿದೆ, ನೋಡು. ಜನರನ್ನ ಹತ್ಸು ಅನ್ನು, ಈಗಲೇ! ನೀನು ಹೇಳಿದ್ರೇನೇ ಕೇಳ್ತಾರೆ."

"ಅಯ್ಯೋ, ಹೌದು ಭಾವ... ಆದ್ರೆ ನೀವು ಬಳಗದಲ್ಲಿ—"

"ಆಮೇಲೆ ಕೇಳು, ಬೋಳಿಮಗನೆ! ಮೊದ್ಲು ಬರಿ!"

ಷಡ್ಡಕ ಬರೆದ. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿಯಿಂದ ಇನ್ನೊಂದು ಫೋಟೊ ಬಂತು. ಕಾಲುವೆ ಇದ್ದಲ್ಲಿ ಮಣ್ಣಿನ ರಾಶಿ. ಹಳದಿ ಟೊಪ್ಪಿಗೆಯವರೆಲ್ಲ ಆಚೆ ದಡದಲ್ಲಿ, ಬಾಯಿಗೆ ಕೈಯಿಟ್ಟು ನಿಂತಿದ್ದರು.

ಷಡ್ಡಕ ಮುಚ್ಚುಮರೆ ಮಾಡಲಿಲ್ಲ. ತಪ್ಪು ಹೇಳಿದವನು ನಾನು, ಜೀವ ಉಳಿಸಿದವರು ನನ್ನ ಭಾವ, ನನ್ನ ಗುರು ಎಂದು ಎಲ್ಲರೆದುರು ಬರೆದ. ಡ್ರೈವರನ ಎದೆ ಉಬ್ಬಿತು. ಕನ್ನಡಕ ಒರೆಸಿಕೊಂಡು ಕೆಳಗಿನ ಉತ್ತರಗಳನ್ನು ಓದತೊಡಗಿದ.

"ತಪ್ಪು ಒಪ್ಪಿಕೊಳ್ಳೋದಕ್ಕೂ ಗುಂಡಿಗೆ ಬೇಕು."

"ಎಂಥ ದೊಡ್ಡ ಮನಸ್ಸು ನಮ್ಮ ಅಡ್ಮಿನ್ನರದು!"

"ಅಡ್ಮಿನ್ ಅಂದ್ರೆ ಹೀಗಿರಬೇಕು."

ಫೋನನ್ನು ಮಂಚದ ಮೇಲೆ ಎಸೆದ.

"ಈಗೇನಾಯ್ತು ರೀ? ಎಲ್ಲಾ ಬದುಕಿದ್ರಲ್ಲ!"

"ಬದುಕಿದ್ರು ಕಣೇ," ಎಂದ ಹಲ್ಲು ಕಚ್ಚಿ. "ಅವನೂ ಬದುಕಿಬಿಟ್ಟ."