ಎಲೆಬಣ್ಣ ತಿನ್ನುವ ಹುಳುಗಳು

ಅಕ್ಕೂರಿನಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡವ್ವ ರೇಷ್ಮೆಹುಳು ಸಾಕುವವಳು. ಸುಮ್ಮನೆ ಕೂತು ಮಾತಾಡುವಾಗಲೂ ಅವಳ ಬೆರಳುಗಳು ಸೊಪ್ಪು ಬಿಡಿಸುತ್ತಿರುವಂತೆ ಆಡುತ್ತಿದ್ದವು.

ಅವಳ ಬಾವಿಗೆ ಹುಣಸೆ ಎಲೆ ಉದುರಿ ಕೊಳೆತು, ಕುಡಿಯುವ ನೀರು ಟೀ ಬಣ್ಣಕ್ಕೆ ತಿರುಗಿ ಒಗರಾಗಿತ್ತು. ನಾನು ಒಂದು ಡ್ರಮ್ಮಿಗೆ ಮರಳು ತುಂಬಿ ಫಿಲ್ಟರ್ ಮಾಡಿಕೊಟ್ಟೆ. ಮರಳಿನ ಮೇಲೆ ನಿಧಾನವಾಗಿ ಲೋಳೆ ಕಟ್ಟುತ್ತದೆ, ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಎಲೆಯ ಬಣ್ಣವನ್ನು ತಿನ್ನುವುದು ಅವೇ ಎಂದು ಹೇಳಿದೆ.

"ಹುಳ ಅನ್ನು ಮತ್ತೆ," ಎಂದಳು. ಅಂದಿನಿಂದ ಬೆಳಗಾದರೆ ಡ್ರಮ್ಮಿಗೆ ನೀರು ಹುಯ್ಯುತ್ತ, "ಅವುಕ್ಕೂ ಹೊಟ್ಟೆ ಐತಲ್ಲಪ್ಪ," ಎನ್ನುವಳು.

ನೀರು ತಿಳಿಯಾಗುತ್ತ ಬಂದಿತ್ತು. ಅಷ್ಟರಲ್ಲಿ ಆ ಬೆಳೆಯ ರೇಷ್ಮೆಗೂಡು ರಾಮನಗರದ ಮಾರುಕಟ್ಟೆಗೆ ಹೋಯಿತು. ಮುಂದಿನ ಬೆಳೆಗೆಂದು ಹುಳುಮನೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದವಳು, ಅದೇ ಕೈಯಲ್ಲಿ ಫಿಲ್ಟರಿನ ಮರಳಿಗೂ ಪೌಡರ್ ಹಾಕಿ ತೊಳೆದುಬಿಟ್ಟಳು. ಮರುದಿನ ಕಂದು ನೀರೇ ಇಳಿಯಿತು. ಲೋಳೆಯ ಜೀವಿಗಳು ಸತ್ತಿವೆ ಎಂದು ನಾನು ಹೇಳಿದಾಗ, ಡ್ರಮ್ಮಿನ ಮೇಲೆ ಕೈಯಿಟ್ಟಳು.

"ಸುದ್ದ ಮಾಡಕ್ಕೋಗಿ ಸಾಯಿಸ್ಬುಟ್ನಲ್ಲಪ್ಪ."

ಮತ್ತೆ ಮೊದಲಿಂದ ನೀರು ಹುಯ್ದಳು. ವಾರಗಳು ಕಳೆದ ಮೇಲೆ ತಿಳಿನೀರು ಬಂತು. ಮೊದಲ ಲೋಟವನ್ನು ನನಗೆ ಕೊಡಲಿಲ್ಲ, ತಾನೂ ಕುಡಿಯಲಿಲ್ಲ. ಮೆಲ್ಲಗೆ ಡ್ರಮ್ಮಿಗೇ ಸುರಿದಳು.

"ಯಾಕೆ ದೊಡ್ಡವ್ವ?"

"ರೇಷ್ಮೆ ಹುಳಕ್ಕೆ ಸೀರೆ ತೋರ್ಸಕ್ಕಾಗಲ್ಲ ಕಣಪ್ಪ. ಇವಾದ್ರೂ ಒಸಿ ನೋಡ್ಲಿ."