ಸೂರ್ಯನ ಕುದುರೆಗಳನ್ನು ಎಬ್ಬಿಸಿದ್ದು

ತೊಂಬತ್ತರ ದಶಕದ ಆ ದಿನಗಳಲ್ಲಿ ಅಮೆರಿಕದ ರಾಲಿ ಊರಿನ ನಮ್ಮ ಪರಿಚಯದ ಕನ್ನಡದವರ ಪೈಕಿ ಕರಿಬೇವಿನ ಗಿಡ ಇದ್ದದ್ದು ಸರೋಜಾ ಆಂಟಿಯ ಮನೆಯಲ್ಲಿ ಮಾತ್ರ. ಬೇಸಿಗೆಯಲ್ಲಿ ಅದು ಮನೆಯ ಹಿಂದಿನ ಡೆಕ್ ಎಂಬ ಮರದ ಜಗುಲಿಯ ಮೇಲೆ. ಚಳಿ ಬಂತೆಂದರೆ ಊಟದ ಮೇಜಿನ ಪಕ್ಕದ ಕಿಟಕಿಯಲ್ಲಿ. ಅವರ ಮನೆಗೆ ಹೋದವರೆಲ್ಲ ದೇವರಿಗೆ ಕೈಮುಗಿದು, ಆಮೇಲೆ ಆ ಗಿಡವನ್ನು ಹೊಗಳಬೇಕಿತ್ತು.

ನನಗಾಗ ಹತ್ತು ವರ್ಷ. ದೀಪಾವಳಿಯ ಊಟಕ್ಕೆ ಹೋದಾಗ ಅಮ್ಮ, ಬುಡದಲ್ಲಿ ಮೂರು ಮರಿ ಎದ್ದಿವೆಯಲ್ಲ, ಒಂದು ಕೊಡುತ್ತೀರಾ ಎಂದು ಕೇಳಿಬಿಟ್ಟಳು. ಸುತ್ತ ಜನ ತಟ್ಟೆ ಹಿಡಿದು ನಿಂತಿದ್ದರು.

"ನಿಮ್ಮ ಅಪಾರ್ಟ್‌ಮೆಂಟಲ್ಲಿ ಬಿಸಿಲೇ ಬರಲ್ವಲ್ಲ ವಸಂತಾ. ಸುಮ್ನೆ ಸಾಯಿಸ್ತೀರ," ಎಂದರು ಆಂಟಿ.

ಆಮೇಲೆ ಎಲ್ಲರೆದುರೇ ಎಣಿಸಿ ಏಳು ಎಲೆ ಕಿತ್ತು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟರು. ಏಳು ಎಸಳಲ್ಲ, ಏಳು ಎಲೆ. ಅಮ್ಮ ಥ್ಯಾಂಕ್ಸ್ ಹೇಳಿದಳು. ಮರುದಿನದ ಸಾರಿನ ಒಗ್ಗರಣೆಗೆ ಏಳೂ ಬಿದ್ದವು. ಆ ಘಮಕ್ಕೆ ಬಾಯಲ್ಲಿ ನೀರೂರಿದ್ದು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅದೇ ವಾರ ನಮ್ಮ ಕಟ್ಟಡದ ಹಿಂದಿನ ಪೊದೆಯಲ್ಲಿ ಒಣಗಿದ ನೊರೆಯಂಥ ಕಂದು ಗಂಟೊಂದು ಸಿಕ್ಕಿತು. ಮುಂಗಾಲು ಜೋಡಿಸಿ ಕೈಮುಗಿದಂತೆ ನಿಲ್ಲುವ ಹಸಿರು ಹುಳುವಿದೆಯಲ್ಲ, ಅಮ್ಮ ಸೂರ್ಯನ ಕುದುರೆ ಅನ್ನುತ್ತಿದ್ದದ್ದು, ಅದರ ಮೊಟ್ಟೆಗಳ ಗೂಡು. ಒಳಗೆ ನೂರಾರು ಮೊಟ್ಟೆ ಚಳಿಗಾಲವೆಲ್ಲ ಮಲಗಿರುತ್ತವೆ, ಬೆಚ್ಚಗಿನ ಮನೆಯೊಳಗೆ ತಂದರೆ ವಸಂತ ಬಂತೆಂದು ಮೋಸಹೋಗಿ ಐದಾರು ವಾರಕ್ಕೇ ಒಡೆಯುತ್ತವೆ, ಆದ್ದರಿಂದ ಹೊರಗೇ ಇಡು ಎಂದು, ಶಾಲೆಗೆ ಒಯ್ದು ತೋರಿಸಿದಾಗ ಟೀಚರ್ ಎಚ್ಚರಿಸಿದರು. ನನಗೆ ಬೇಕಾದದ್ದು ಸಿಕ್ಕಿತ್ತು.

ಗೂಡನ್ನು ಜಾಡಿಯಲ್ಲಿಟ್ಟು ಬಾಲ್ಕನಿಯಲ್ಲಿ ಕಾಯ್ದೆ. ಹಿಮ ಬಿದ್ದ ದಿನ ಜಾಡಿಗೆ ಅಪ್ಪನ ಹಳೇ ಕಾಲುಚೀಲ ತೊಡಿಸಿದೆ. ದಿನಾ ಶಾಲೆಗೆ ಹೋಗುವ ಮುಂಚೆ, ಇನ್ನೂ ಸ್ವಲ್ಪ ದಿನ ಮಲಗಿರಿ ಎಂದು ಹೇಳಿಹೋಗುತ್ತಿದ್ದೆ. ಫೆಬ್ರವರಿಯಲ್ಲಿ ಆಂಟಿಯ ಮಗನ ಬರ್ತ್‌ಡೇ ಬಂತು. ಎಲ್ಲರೂ ಕೇಕಿನ ಸುತ್ತ ನಿಂತಾಗ, ಕರಿಬೇವಿನ ದಟ್ಟ ಎಲೆಗಳ ಹಿಂದೆ ಗೂಡನ್ನು ಹಸಿರು ದಾರದಿಂದ ಕಟ್ಟಿದೆ. ದಾರ ಅಮ್ಮನ ಹೊಲಿಗೆ ಡಬ್ಬಿಯದು.

ಅದು ಯುಗಾದಿಯ ಊಟದ ದಿನವೇ ಒಡೆದದ್ದು ನನ್ನ ಜಾಣತನವಲ್ಲ, ಅದೃಷ್ಟ. ಒಗ್ಗರಣೆಗೆ ಎಲೆ ಕೀಳಲು ಆಂಟಿ ಕೈ ಹಾಕಿದರು. ಅಕ್ಕಿಕಾಳಿನುದ್ದದ ಮರಿಗಳು ಬಳೆ ದಾಟಿ ಮೊಣಕೈವರೆಗೆ ಏರಿದವು. ಪರದೆಯ ಮೇಲೆ, ಕೋಸಂಬರಿಯ ಮೇಲೆ, ರೇಷ್ಮೆ ಸೀರೆಯ ಅಂಚಿನ ಮೇಲೆ ನೂರಾರು. ಜನ ಒಬ್ಬೊಬ್ಬರಾಗಿ ತಟ್ಟೆ ಕೆಳಗಿಟ್ಟರು.

"ನಮ್ಮನೇಲಿ ಹುಳ ಅನ್ನೋದೇ ಇಲ್ಲ, ಯಾವತ್ತೂ ಇರ್ಲಿಲ್ಲ," ಎಂದು ಆಂಟಿ ಪ್ರತಿಯೊಬ್ಬರ ಹತ್ತಿರವೂ ಹೋಗಿ ಹೇಳುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಎರಡು ಹೋಳಿಗೆ ತಿಂದೆ. ಅಷ್ಟು ರುಚಿಯ ಹೋಳಿಗೆ ಮತ್ತೆ ಸಿಕ್ಕಿಲ್ಲ.

ಅಷ್ಟರಲ್ಲಿ ಅಂಕಲ್ ವ್ಯಾಕ್ಯೂಮ್ ಕ್ಲೀನರ್ ತಂದರು. ಅದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಚಳಿಗಾಲವೆಲ್ಲ ನಾನು ಕಾಯ್ದ ಮರಿಗಳು ಐದು ನಿಮಿಷದಲ್ಲಿ ಆ ಕೊಳವೆಯೊಳಗೆ ಹೋದವು. ಗಿಡವನ್ನು ಡೆಕ್ಕಿಗೆ ಹಾಕಿದರು; ಎರಡು ದಿನದ ನಂತರ ಇಬ್ಬನಿ ಹೆಪ್ಪುಗಟ್ಟಿದ ರಾತ್ರಿಯ ಚಳಿಗೆ ಅದು ಕಪ್ಪಾಗಿ ಸತ್ತಿತು. ಗಿಡಕ್ಕಾಗಿ ನಾನು ಅತ್ತಿಲ್ಲ, ಅಳುವುದೂ ಇಲ್ಲ. ಮರಿಗಳಿಗಾಗಿ ಅತ್ತೆ.

ಈಗ ರಾಲಿಯ ಅಂಗಡಿಗಳಲ್ಲಿ ಕರಿಬೇವು ಕಂತೆಗಟ್ಟಲೆ ಸಿಗುತ್ತದೆ. ಆ ಪೊದೆಯಿದ್ದಲ್ಲಿ ಪಾರ್ಕಿಂಗ್ ಲಾಟ್ ಆಗಿದೆ. ಅಮ್ಮ ಗರಾಜಿನಲ್ಲಿ ಸಸಿ ಬೆಳೆಸಿ ಕೇಳಿದವರಿಗೆಲ್ಲ ಹಂಚುತ್ತಾಳೆ. ಹೋದ ವರ್ಷ ಒಂದನ್ನು ನನ್ನ ಕೈಗಿಟ್ಟು, ಸರೋಜಾ ಆಂಟಿಗೆ ಕೊಟ್ಟು ಬಾ ಎಂದಳು.

"ಆ ಏಳು ಎಲೆ ಮರ್ತೇಬಿಟ್ಯಾ ಅಮ್ಮ?"

"ಯಾವ ಏಳು ಎಲೆ?"

ಆಂಟಿಯ ಮನೆಯ ಮುಂದೆ ಕಾರು ನಿಲ್ಲಿಸಿ, ಸಸಿಯಲ್ಲಿ ಏಳು ಎಲೆ ಉಳಿಸಿ ಮಿಕ್ಕದ್ದನ್ನೆಲ್ಲ ಕಿತ್ತೆ. ಕಾರಿನ ತುಂಬ ಅದೇ ಘಮ. ಬಿಳಿ ಕೂದಲಿನ ಆಂಟಿ ಸಸಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಿಸಿಲು ಬರುವ ಅದೇ ಕಿಟಕಿಯಲ್ಲಿಟ್ಟು, ಕಾಫಿ ಕುಡಿದು ಹೋಗು ಎಂದು ಒಳಗೆ ಹೋದರು. ಎಲೆ ಎಣಿಸಲಿಲ್ಲ.