ರಬ್ಬರ್ ದೋಣಿಗೆ ನಾನು ಆರಿಸಿದ ಮೋಟಾರು

ನಮ್ಮ ಕಡೆಯ ಹೆಂಗಸರು ಸೀರೆ ಆರಿಸಿದ್ದಾರೆ, ಕರೆಯುವ ಎಮ್ಮೆ ಆರಿಸಿದ್ದಾರೆ, ಅಳಿಯಂದಿರನ್ನೂ ಆರಿಸಿದ್ದಾರೆ. ದೋಣಿಯ ಮೋಟಾರು ಆರಿಸಿದವಳು ನನಗೆ ತಿಳಿದಂತೆ ನಾನೊಬ್ಬಳೇ. ಇದನ್ನು ಜಂಬ ಎಂದರೆ ಜಂಬ ಎಂದೇ ಇರಲಿ. ಇಷ್ಟು ವರ್ಷವಾದರೂ ಆ ಮಾತು ಬಂದಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ನಮ್ಮ ಮಾವನವರಿಗೆ ಮೂಡಿಗೆರೆಯಲ್ಲಿ ದಿನಸಿ ಅಂಗಡಿ ಇತ್ತು. ಕಳಸದ ಹತ್ತಿರ, ಭದ್ರಾ ಹೊಳೆಯ ಆಚೆ ದಡದಲ್ಲಿ ಸಣ್ಣದೊಂದು ಕಾಫಿ ತೋಟವೂ ಇತ್ತು. ಮಾವ ಅಂಗಡಿ ನೋಡಿಕೊಳ್ಳುತ್ತಿದ್ದರು, ನಾನು ಮತ್ತು ನನ್ನ ಗಂಡ ತೋಟದಲ್ಲಿದ್ದೆವು. ಅತ್ತೆ ಬೇಸಿಗೆಯಲ್ಲಿ ನಮ್ಮೊಂದಿಗೆ ಬಂದಿರುತ್ತಿದ್ದರು. ಮನೆಯಲ್ಲಿ ಯಾರೂ ಪ್ರಶ್ನಿಸದ ಒಂದು ಕಟ್ಟಳೆ ನಡೆದುಕೊಂಡು ಬಂದಿತ್ತು. ಆರಿದ್ರಾ ಮಳೆ ಹುಟ್ಟುವ ಮೊದಲು ಹೆಂಗಸರೆಲ್ಲ ಹೊಳೆ ದಾಟಿ ಮೂಡಿಗೆರೆಗೆ ಬಂದುಬಿಡಬೇಕು. ನವರಾತ್ರಿ ಕಳೆದು ನೀರು ಇಳಿದ ಮೇಲೆ ವಾಪಸ್ಸು ಹೋಗಬೇಕು. ಅಷ್ಟು ದಿನ ಹರಿಗೋಲನ್ನು ದಡಕ್ಕೆ ಎಳೆದು ಕವುಚಿ ಹಾಕುತ್ತಿದ್ದರು. ತೋಟದಲ್ಲಿ ನನ್ನ ಗಂಡ, ಮೇಸ್ತ್ರಿ, ಕೂಲಿಮನೆ ಸಾಲಿನ, ಅಂದರೆ ಲೈನಿನ ಆಳುಗಳು ಮಾತ್ರ ಉಳಿಯುತ್ತಿದ್ದರು.

ಮದುವೆಯಾದ ಹೊಸತರಲ್ಲಿ ನಾನೂ ಗಂಟು ಕಟ್ಟಿಕೊಂಡು ಹೊರಟೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಮೆಣಸು ಆರಿಸುತ್ತ ಮಳೆಗಾಲ ಕಳೆದೆ. ಮರುವರ್ಷ ನರ್ಸರಿಯ ಕೆಲಸ ನನ್ನ ಕೈಗೆ ಬಂದಿತ್ತು. ಬೀಜ ಆರಿಸಿ, ಮಡಿ ಮಾಡಿ, ಚಪ್ಪರ ಕಟ್ಟಿ ನಾನೇ ಸಸಿ ಎಬ್ಬಿಸಿದ್ದೆ. ನವರಾತ್ರಿ ಕಳೆದು ಹೋಗಿ ನೋಡಿದರೆ ಅರ್ಧಕ್ಕರ್ಧ ಸಸಿ ಕೊಳೆತು ಕಪ್ಪಗಾಗಿತ್ತು. ಬಸಿಗಾಲುವೆ ಮುಚ್ಚಿಹೋಗಿದ್ದನ್ನು ಯಾರೂ ಬಿಡಿಸಿರಲಿಲ್ಲ. ನನ್ನ ಗಂಡ ನೆರಳುಮರದ ಕೊಂಬೆ ಕಡಿಸುವ ಕಸಿಯಲ್ಲಿ ಮುಳುಗಿದ್ದರಂತೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅವತ್ತು ಅಡುಗೆ ಮಾಡಲಿಲ್ಲ. ಇನ್ನು ಮೇಲೆ ಮಳೆಗಾಲದಲ್ಲಿ ತೋಟ ಬಿಟ್ಟು ಹೋಗುವುದಿಲ್ಲ ಎಂದು ಹೇಳಿಬಿಟ್ಟೆ.

ವಿಷಯ ಮಾವನವರೆಗೆ ಹೋಯಿತು. ಅವರು ಕೂಗಾಡುವ ಜನ ಅಲ್ಲ. ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ನನ್ನನ್ನು ಕರೆದರು.

"ಹೊಳೆ ತುಂಬಿದ ದಿನ ನಿಂಗೆ ಚಳಿಜ್ವರ ಬಂದ್ರೆ ಎಂತ ಮಾಡದು? ಡಾಕ್ಟ್ರು ಈಜ್ಕಂಡು ಬರ್ತಾರಾ?"

"ದಾಟಕ್ಕೆ ದಾರಿ ಇದ್ರೆ ಇರ್ಲಾ ಮಾವ?"

"ದಾರಿ ಇದ್ರೆ ಇರು, ನಾನೇನು ನಿನ್ನ ಕಟ್ಟಿ ಹಾಕ್ತೀನಾ? ಆದ್ರೆ ಮೊದ್ಲು ಆರಿದ್ರಾ ಮಳೇಲಿ ನನ್ನನ್ನ ಕೂರ್ಸಿ ದಾಟ್ಸು. ಆಮೇಲೆ ಮಾತು."

ಆಗದ ಕೆಲಸ ಹೇಳಿ ಬಾಯಿ ಮುಚ್ಚಿಸಿದೆ ಎಂದು ಅವರು ಅಂದುಕೊಂಡಿರಬೇಕು. ಅತ್ತೆ ಒಳಗೆ ರೊಟ್ಟಿ ತಟ್ಟುತ್ತಿದ್ದರು. ಆ ಮಾತು ನಡೆಯುವಾಗ ತಟ್ಟುವ ಸದ್ದು ನಿಂತಿತ್ತು.

ಯುದ್ಧ ಆಗಷ್ಟೇ ಮುಗಿದಿತ್ತು. ಮಿಲಿಟರಿಯವರು ಬೇಡವಾದ ಸಾಮಾನುಗಳನ್ನೆಲ್ಲ ಹರಾಜು ಹಾಕುತ್ತಿದ್ದ ಕಾಲ. ನನ್ನ ಗಂಡನಿಗೆ ಇಂಥ ಸಾಮಾನಿನ ಹುಚ್ಚು. ಡೇರೆ ಬಟ್ಟೆ ತರಲು ಹೋದವರು ಗಾಳಿ ತುಂಬುವ ಒಂದು ರಬ್ಬರ್ ದೋಣಿ ಹೊತ್ತು ಬಂದರು. ಮಡಿಚಿದರೆ ಹಾಸಿಗೆ ಸುರುಳಿಯಷ್ಟು, ತಿದಿಯಿಂದ ಊದಿದರೆ ಮೂರು ಜನ ಕೂರುವಷ್ಟು. ಎರಡು ಪಕ್ಕದ ಗಾಳಿ ಕೊಳವೆಗಳ ನಡುವೆ, ಹಿಂಭಾಗದಲ್ಲಿ, ಒಂದು ಹಲಗೆ. ಹುಟ್ಟು ಹಾಕಿ ನೋಡಿದೆವು. ಬೇಸಿಗೆಯ ಹೊಳೆಯೇ ಅದನ್ನು ಎಲೆಯ ಹಾಗೆ ಕೆಳಕ್ಕೆ ತೇಲಿಸಿಕೊಂಡು ಹೋಯಿತು. ಹಿಂದಿನ ಹಲಗೆಗೆ ಸಿಕ್ಕಿಸುವ ಮೋಟಾರು ಮಂಗಳೂರಿನ ಬಂದರಿನಲ್ಲಿ ಸಿಗುತ್ತದೆ ಎಂದು ಯಾರೋ ಹೇಳಿದರು. ನನ್ನ ಕಣ್ಣಿಗೆ ಆ ದೋಣಿ ಆಗ ಬೇರೆಯೇ ಆಗಿ ಕಾಣತೊಡಗಿತು.

ನಮ್ಮ ಕಾಫಿಯವರಿಗೆ ಎಂಜಿನ್ ಎಂದರೆ ಪಲ್ಪರ್ ಮನೆಯ ಎಂಜಿನ್. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವನ್ನು ತಿರುಗಿಸುವಂಥದ್ದು. ಅದು ಎಷ್ಟು ಭಾರವೋ ಅಷ್ಟು ಒಳ್ಳೆಯದು. ಹಗುರದ್ದಾದರೆ ಅಡಿಪಾಯ ಬಿಟ್ಟು ಕುಣಿಯುತ್ತದೆ. ಹಾಗಾಗಿ ಮಾವನಿಗೂ ನನ್ನ ಗಂಡನಿಗೂ ಈ ವಿಷಯದಲ್ಲಿ ಎರಡು ಮಾತಿರಲಿಲ್ಲ. ಇರುವುದರಲ್ಲಿ ದೊಡ್ಡದನ್ನು ತರಬೇಕು. ನನಗೆ ಮಾತ್ರ ಅನುಮಾನ. ಪಲ್ಪರ್ ಎಂಜಿನ್ನಿನ ಕೆಳಗೆ ಕಲ್ಲು ಗಾರೆ ಇರುತ್ತದೆ, ಇದರ ಕೆಳಗೆ ಬರೀ ಗಾಳಿ.

ತೋಟದಲ್ಲಿ ಕಾಫಿ ತೊಳೆಯಲು ನೀರು ನಿಲ್ಲಿಸುವ ಒಂದು ಕೆರೆ ಇತ್ತು. ದೋಣಿಯನ್ನು ಅಲ್ಲಿಗೆ ಇಳಿಸಿದೆ. ಗಂಡನನ್ನು ಮುಂದೆ ಕೂರಿಸಿ, ನಾನು ಹಿಂದೆ ಕೂತು, ಹಲಗೆಗೆ ಮೋಟಾರಿನ ಬದಲಿಗೆ ಒಂದು ಗೋಣಿಚೀಲ ಕಟ್ಟಿಸಿದೆ. ಚೀಲಕ್ಕೆ ಪಾರ್ಚ್‌ಮೆಂಟ್, ಅಂದರೆ ಸುಲಿದು ತೊಳೆದು ಹೊಟ್ಟಿನ ಸಮೇತ ಒಣಗಿಸಿದ ಕಾಫಿ ಬೀಜ, ಸೇರು ಸೇರಾಗಿ ಸುರಿಯುತ್ತ ಹೋದೆ. ಅರ್ಧ ಚೀಲದವರೆಗೆ ದೋಣಿ ಸಮನಾಗಿ ಕೂತಿತ್ತು. ಇನ್ನೂ ಸ್ವಲ್ಪ ಹಾಕಿದ್ದೇ ತಡ, ಹಿಂಭಾಗ ಕುಸಿದು, ನನ್ನ ಗಂಡ ಆಕಾಶಕ್ಕೆ ಮುಖ ಮಾಡಿ ಕೂತರು.

"ಸಾಕು ಮಾರಾಯ್ತಿ, ನನ್ನನ್ನ ಹಿಂದಕ್ಕೆ ಮಗುಚ್ತೀಯ."

ಹೆಚ್ಚಾದಷ್ಟನ್ನು ತೆಗೆದು ಚೀಲದ ಬಾಯಿ ಹೊಲಿದೆ. ಇದಕ್ಕಿಂತ ಭಾರದ ಮೋಟಾರು ಬೇಡ ಎಂದೆ. ತೂಕ ಬರೆದುಕೊಂಡು ಹೋದರೆ ಸಾಲದೇ ಎಂದು ಕೇಳಬಹುದು. ನಮ್ಮ ಮಣವೇ ಬೇರೆ, ಮಂಗಳೂರಿನ ಮಣವೇ ಬೇರೆ. ವ್ಯಾಪಾರದ ಮನೆಗೆ ಸೇರಿದ ನನಗೆ ಅಷ್ಟು ಗೊತ್ತಿತ್ತು. ಚೀಲವನ್ನೇ ತಕ್ಕಡಿಗೆ ಇಟ್ಟರೆ ಯಾರ ಮಣದ ಹಂಗೂ ಇಲ್ಲ.

ರೋಹಿಣಿ ಮಳೆಯ ಹೊತ್ತಿಗೆ ಮಾವ, ನನ್ನ ಗಂಡ, ನಾನು ಮೂವರೂ ಮೂಡಿಗೆರೆಯಿಂದ ಬಸ್ಸು ಹತ್ತಿದೆವು. ಪೆಟ್ರೋಲಿಗೆ ಇನ್ನೂ ಕೂಪನ್ ಇದ್ದ ದಿನಗಳು, ಬಸ್ಸು ಇದ್ದಿಲಿನ ಗ್ಯಾಸಿನದ್ದು. ಸೊಸೆ ಮೂಟೆ ಹೊತ್ತು ಮಂಗಳೂರಿಗೆ ಹೊರಟಿದ್ದನ್ನು ನೋಡಿ ಮಾವನ ಪರಿಚಯದವರೊಬ್ಬರು, "ಕಾಫಿ ಮಾರಾಟಕ್ಕೆ ಸೊಸೇನೇ ಕರ್ಕೊಂಡು ಹೊರಟ್ರಾ" ಎಂದು ಕೆಣಕಿದರು. ಮಾವ, "ಇಲ್ಲ, ತೂಕದ ಕಲ್ಲು ಅದು" ಎಂದರು. ಮೂಟೆಯನ್ನು ಬಸ್ಸಿನ ಮೇಲೆ ಹಾಕಿದರು. ಚಾರ್ಮಾಡಿ ಘಾಟಿ ಇಳಿಯುವಾಗ ಜೋರಾಗಿ ಒಂದು ಮಳೆ ಹೊಡೆಯಿತು. ಮೇಲೆ ಟಾರ್ಪಾಲು ಇದೆ ಎಂದು ನಾನು ನಿಶ್ಚಿಂತೆಯಿಂದ ತೂಕಡಿಸಿದೆ.

ಮರುದಿನ ಬಂದರಿನ ಹತ್ತಿರದ ಅಂಗಡಿಗೆ ಹೋದೆವು. ಎರಡು ಮೋಟಾರು ಇದ್ದವು. ಒಂದು ದೊಡ್ಡದು, ಜೋಡಿ ಸಿಲಿಂಡರಿನದು, ಕಾರಿನ ಹಾಗೆ ತಿರುಗಿಸಲು ಚಕ್ರವೂ ತಂತಿಗಳೂ ಇದ್ದವು. ಇನ್ನೊಂದು ಸಣ್ಣದು, ಬಣ್ಣ ಹೋದದ್ದು, ತಲೆಯಿಂದ ಮುಂದಕ್ಕೆ ಚಾಚಿದ ಒಂದು ಹಿಡಿಕೋಲು ಬಿಟ್ಟರೆ ಬೇರೆ ಶೃಂಗಾರ ಇಲ್ಲ. ನನ್ನ ಗಂಡ ಚಕ್ರದ ಮುಂದೆ ನಿಂತು ಅದನ್ನು ಆಚೆ ಈಚೆ ತಿರುಗಿಸತೊಡಗಿದರು. ಅವರನ್ನು ಅಲ್ಲಿಂದ ಕದಲಿಸುವುದು ಕಷ್ಟ ಎಂದು ಗೊತ್ತಾಯಿತು.

ತೂಗುವ ತಕ್ಕಡಿ ಕೇಳಿದೆ. ಅಂಗಡಿಯವರು ನಕ್ಕರೂ ಕೊಟ್ಟರು. ಒಂದು ಕಡೆ ನನ್ನ ಮೂಟೆ, ಒಂದು ಕಡೆ ದೊಡ್ಡ ಮೋಟಾರು. ಮುಳ್ಳು ನೆಟ್ಟಗೆ ನಿಂತಿತು.

"ಸಮ," ಎಂದರು ಮಾವ. "ನಿನ್ನ ಮೂಟೇನೇ ಹೇಳ್ತು. ದೊಡ್ಡದೇ ಆಯ್ತು."

ಗಂಡ ಆಗಲೇ ಪೆಟ್ಟಿಗೆ ಕಟ್ಟಲು ಹಗ್ಗ ಕೇಳುತ್ತಿದ್ದರು. ನನ್ನ ಪರೀಕ್ಷೆ, ನನ್ನದೇ ತೂಕ, ನಾನೇ ಒಪ್ಪಬೇಕಾಗಿತ್ತು. ಆದರೆ ಮನಸ್ಸು ಒಪ್ಪಲಿಲ್ಲ. ತೋಟದಿಂದ ಹೊರಡುವಾಗ ಆ ಮೂಟೆಯನ್ನು ನಾನೊಬ್ಬಳೇ ಎತ್ತಿ ಗಾಡಿಗೆ ಹಾಕಿದ್ದೆ. ತಕ್ಕಡಿಗೆ ಇಡುವಾಗ ಅಂಗಡಿಯ ಆಳು ಒಬ್ಬನಿಗೆ ಆಗದೆ ಇನ್ನೊಬ್ಬನನ್ನು ಕರೆದಿದ್ದ. ಹೊರಗಿನ ಗೋಣಿ ಮುಟ್ಟಿದೆ, ಬೆಳಗಿನ ಬಿಸಿಲಿಗೆ ಗರಿಗರಿಯಾಗಿತ್ತು. ಹೊಲಿಗೆ ಬಿಚ್ಚಿ ಮೊಣಕೈಯವರೆಗೆ ಕೈ ಹಾಕಿ, ಒಳಗಿನ ಒಂದು ಬೀಜ ತೆಗೆದು ಹೊಟ್ಟು ಬಿಡಿಸಿ ಹಲ್ಲಿನ ನಡುವೆ ಇಟ್ಟು ಕಚ್ಚಿದೆ.

ಕಾಫಿ ಒಣಗಿದೆಯೋ ಇಲ್ಲವೋ ಎಂದು ನಮ್ಮಲ್ಲಿ ನೋಡುವುದು ಹೀಗೆಯೇ. ಕಣದಲ್ಲಿ ಹರವಿದ ಪಾರ್ಚ್‌ಮೆಂಟನ್ನು ಮೇಸ್ತ್ರಿ ಕಚ್ಚುತ್ತಾನೆ, ಲೆಕ್ಕ ಬರೆಯುವ ರೈಟರ್ ಕಚ್ಚುತ್ತಾನೆ, ಕೊಳ್ಳಲು ಬಂದ ವ್ಯಾಪಾರಿಯೂ ಕಚ್ಚುತ್ತಾನೆ. ಒಣಗಿದ್ದರೆ ಹಲ್ಲಿಗೆ ಟಕ್ ಎನ್ನುತ್ತದೆ. ಇದು ಮೆತ್ತಗೆ ತಗ್ಗಿತು. ಟಾರ್ಪಾಲು ಎಲ್ಲೋ ಹರಿದಿತ್ತು, ಚಾರ್ಮಾಡಿಯ ಮಳೆಯನ್ನೆಲ್ಲ ಮೂಟೆ ಕುಡಿದು ಭಾರವಾಗಿ ಕೂತಿತ್ತು.

"ಮಾವ, ಕಚ್ಚಿ ನೋಡಿ," ಎಂದು ಒಂದು ಬೀಜ ಅವರ ಅಂಗೈಗೆ ಹಾಕಿದೆ.

ಅವರು ಕಚ್ಚಿದರು. ಇನ್ನೊಂದು ಬೀಜ ತೆಗೆದು ಇನ್ನೊಂದು ಪಕ್ಕದ ಹಲ್ಲಿನಲ್ಲಿ ಕಚ್ಚಿದರು. ಕಾಫಿಯ ವಿಷಯದಲ್ಲಿ ಅವರು ಮಗನಿಗಾಗಿಯೂ ಸುಳ್ಳು ಹೇಳುವವರಲ್ಲ.

"ಹಸಿ ಆಗಿದೆ. ಈ ಮಾಲನ್ನ ನಾನು ಅಂಗಡಿ ಒಳಗೇ ಬಿಡ್ತಿರ್ಲಿಲ್ಲ." ಆಮೇಲೆ ಮಗನ ಕಡೆ ತಿರುಗಿ, "ಆ ಚಕ್ರ ಬಿಡು ಮಾರಾಯ. ಅವ್ಳು ಹೇಳಿದ್ದು ತಗ," ಎಂದರು.

ಸಣ್ಣದನ್ನು ತಕ್ಕಡಿಗೆ ಏರಿಸಿದೆವು. ಮೂಟೆ ನೆಲ ಬಿಟ್ಟು ಏಳಲೇ ಇಲ್ಲ. ಎಷ್ಟು ನೀರು ಕಳೆದರೂ ಮೋಟಾರೇ ಹಗುರ ಎಂದು ಯಾರಿಗಾದರೂ ತಿಳಿಯುವಂತಿತ್ತು. ಹಿಡಿಕೋಲನ್ನು ನಾನು ಹಿಡಿದು ನೋಡಿದೆ. ಕೆಳಕ್ಕೆ ಒತ್ತಿದರೆ ಮೋಟಾರು ಬಾಗಿ, ನೀರೊಳಗೆ ತಿರುಗಬೇಕಾದ ರೆಕ್ಕೆ ಮೇಲೆದ್ದು ಬರುತ್ತಿತ್ತು. ಭದ್ರೆಯ ತುಂಬ ಬಂಡೆ. ಚಕ್ರ ತಿರುಗಿಸುತ್ತ ಮುಂದೆ ಕೂತವನು ಬಂಡೆ ಕಂಡಾಗ ರೆಕ್ಕೆ ಎತ್ತಲು ಹಿಂದಕ್ಕೆ ಓಡಿಬರಬೇಕು. ಇಲ್ಲಿ ತಿರುಗಿಸುವ ಕೈಯೇ ಎತ್ತುವ ಕೈ. ಇದನ್ನು ಗಂಡನಿಗೆ ವಿವರಿಸಿದೆ. ಅವರು, "ಚಕ್ರ ಚೆನ್ನಾಗಿತ್ತು ಕಣೆ" ಎಂದಷ್ಟೇ ಹೇಳಿದರು. ಘಾಟಿ ಹತ್ತಿ ಮುಗಿಯುವವರೆಗೂ ಅವರ ಮುಖ ಗಡಿಗೆಯಷ್ಟು ಊದಿಕೊಂಡಿತ್ತು.

ಹಿಡಿಕೋಲಿನ ಬುದ್ಧಿ ತಿರುಗುಮುರುಗು. ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗುತ್ತದೆ. ಮೊದಲ ದಿನ ಕೆರೆಯ ದಂಡೆಯ ಕೆಸರಿಗೆ ನೇರ ನುಗ್ಗಿಸಿ, ಬಟ್ಟೆ ತೊಳೆಯುತ್ತಿದ್ದ ಹೆಂಗಸರನ್ನೆಲ್ಲ ಓಡಿಸಿದೆ. ಕ್ರಮೇಣ ಕೈಗೆ ಅದು ಯೋಚಿಸದೆ ಬರತೊಡಗಿತು. ನನ್ನ ಗಂಡನಿಗೂ ಕಲಿಸಿದೆ. ಬಿಗುಮಾನ ಬಿಟ್ಟ ಮೇಲೆ ಚೆನ್ನಾಗಿಯೇ ಕಲಿತರು.

ಆರಿದ್ರಾ ಮಳೆ ಹುಟ್ಟಿ ಹೊಳೆ ಕೆಂಪಗಾದ ಮೇಲೆ ಮಾವ ಈಚೆ ದಡಕ್ಕೆ ಬಂದರು. ಕೊಡೆ ಮಡಿಚಿ, ಪಂಚೆ ಎತ್ತಿ ಕಟ್ಟಿ, ದೋಣಿಯ ಮುಂದೆ ಕೂತರು. ಅವರ ಕೈ ಅಂಗಿಯೊಳಗಿನ ಇಷ್ಟಲಿಂಗದ ಮೇಲಿತ್ತು. ಹಗ್ಗ ಎಳೆದೆ, ಮೋಟಾರು ಹಿಡಿಯಲಿಲ್ಲ. ಇನ್ನೊಮ್ಮೆ ಎಳೆದೆ, ಹಿಡಿಯಿತು. ಹೊಳೆಯ ಮೇಲ್ಭಾಗಕ್ಕೆ ಮೂತಿ ಇಟ್ಟು ಓರೆಯಾಗಿ ಹೊರಟೆ. ನಡುವೆ, ನೀರಿನ ಅಡಿಯಲ್ಲಿ ಬಂಡೆಯೊಂದು ಸುರುಳಿ ಎಬ್ಬಿಸುತ್ತಿರುವುದು ಕಂಡಿತು. ಹಿಡಿಕೋಲು ಒತ್ತಿ ರೆಕ್ಕೆ ಎತ್ತಿದೆ. ದೋಣಿ ಬಂಡೆಯ ಬೆನ್ನು ಸವರಿಕೊಂಡು ಜಾರಿತು, ರೆಕ್ಕೆ ಮತ್ತೆ ಇಳಿಸಿದೆ. ಆಚೆ ದಡದ ಮರಳಿಗೆ ಮೂತಿ ತಾಗಿದಾಗ ಮಾವ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದರು.

"ಬಂತು ಮಾವ," ಎಂದೆ.

ಅವರು ಕಣ್ಣು ಬಿಟ್ಟು, ಹಿಂದಿನ ದಡ ನೋಡಿ, ನನ್ನ ಮುಖ ನೋಡಿದರು. "ಇರು," ಎಂದರು. "ಮಳೆಗಾಲದಲ್ಲಿ ಇಲ್ಲೇ ಇರು. ನೀರು ತೀರಾ ಜಾಸ್ತಿ ಇದ್ದ ದಿನ ಇಳಿಸ್ಬೇಡ, ಅಷ್ಟೆ."

ನಾನು ಇದ್ದೆ. ಆ ವರ್ಷದ ಸಸಿಗಳ ಬುಡದಲ್ಲಿ ಒಂದು ದಿನವೂ ನೀರು ನಿಲ್ಲಲು ಬಿಡಲಿಲ್ಲ. ಲೈನಿನ ಆಳೊಬ್ಬನಿಗೆ ಜ್ವರ ಏರಿದಾಗ ಅವನನ್ನು ಹೊಳೆ ದಾಟಿಸಿ ಕಳಸಕ್ಕೆ ಕಳಿಸಿದ್ದು ಅದೇ ಸಣ್ಣ ಮೋಟಾರು. ಅದರ ಸದ್ದು ಸುತ್ತಲ ತೋಟದವರಿಗೆಲ್ಲ ಗುರುತಾಯಿತು. ಯಾರಾದರೂ ಅದನ್ನು ಹೊಲಿಗೆ ಯಂತ್ರ ಎಂದು ಹಾಸ್ಯ ಮಾಡಿದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ.

ಪುಷ್ಯ ಮಳೆ ಬಿಟ್ಟು ಸ್ವಲ್ಪ ಹೊಳವಾಗಿದ್ದ ಒಂದು ಬೆಳಿಗ್ಗೆ ಈಚೆ ದಡದಲ್ಲಿ ಮಾವ ನಿಂತಿದ್ದರು, ಪಕ್ಕದಲ್ಲಿ ಅತ್ತೆ. "ಒಂದು ಗಳಿಗೆ ತೋಟ ನೋಡ್ಬೇಕಂತೆ. ತೋರ್ಸಿ ಕರ್ಕೊಂಡು ಬಾ, ನಾನು ಇಲ್ಲೇ ಕಾಯ್ತೀನಿ," ಎಂದರು ಮಾವ. ಅತ್ತೆಯನ್ನು ಕೂರಿಸಿಕೊಂಡು ದಾಟಿಸಿದೆ. ಅವರು ಸೀದಾ ಮನೆಯ ಹಿಂದಿನ ಇಳಿಜಾರಿಗೆ ನಡೆದರು. ತೋಟದ ಮೊದಲ ಸಾಲು ಗಿಡ ಇರುವುದು ಅಲ್ಲಿ, ಮದುವೆಯಾಗಿ ಬಂದ ಹೊಸತರಲ್ಲಿ ಅವರೇ ನೆಟ್ಟದ್ದು. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಹಸಿರು ಕಾಯಿ ಗೊಂಚಲು ಕಟ್ಟಿತ್ತು. ಒಂದು ಕೊಂಬೆಯನ್ನು ಕೈಯಲ್ಲಿ ಹಿಡಿದು ಅತ್ತೆ ಕಾಯಿಗಳ ಮೇಲೆ ಬೆರಳಾಡಿಸಿದರು.

"ನೆಟ್ಟಿದ್ದು ನಾನು," ಎಂದರು. "ಮಳೆಗಾಲದಲ್ಲಿ ಇದು ಹೆಂಗಿರ್ತದೆ ಅಂತ ನೋಡಿದ್ದು ಇವತ್ತೇ."

ಹೊಳೆಯ ಆಚೆಯಿಂದ ಮಾವ ಕೂಗುವುದು ಕೇಳಿಸಿತು. ಅತ್ತೆ ಕೊಂಬೆ ಬಿಡಲಿಲ್ಲ. "ಮೋಟ್ರು ಕೆಟ್ಟೋಗಿದೆ ಅಂತ ಹೇಳು," ಎಂದರು.

ನಾನು ದಡಕ್ಕೆ ಇಳಿದು ಹೋಗಿ, ಎರಡು ಕೈಯನ್ನೂ ಬಾಯಿಗೆ ಅಡ್ಡ ಹಿಡಿದು, ನನ್ನ ಮೋಟಾರು ಕೆಟ್ಟುಹೋಗಿದೆ ಎಂದು ಇಡೀ ಹೊಳೆಗೆ ಕೇಳುವಂತೆ ಕೂಗಿದೆ. ಮಾವ ಒಂದು ಗಳಿಗೆ ನಿಂತು ನೋಡಿದರು. ಕೊಡೆ ಬಿಚ್ಚಿಕೊಂಡು ರಸ್ತೆಯ ಕಡೆ ಹೊರಟುಹೋದರು. ಮರುದಿನ ಅದೇ ಮೋಟಾರು ಹಚ್ಚಿಕೊಂಡು ಹೋಗಿ, ಮಾವ ಕೊಟ್ಟು ಕಳಿಸಿದ್ದ ಅತ್ತೆಯ ಸೀರೆಗಳ ಗಂಟನ್ನು ಈಚೆ ದಡದಿಂದ ತಂದೆ.